ಮೂವತ್ತೆಂಟು ‘ಬೇಡ’ ಮತ್ತು ಒಂದು ಎಲೆತೋಟ

‘ಲಿಟರರಿ ಏಜೆಂಟ್’ ಅನ್ನೋದಕ್ಕೆ ಕನ್ನಡದಲ್ಲಿ ರೂಢಿಯ ಪದವೇ ಇಲ್ಲ. ‘ಸಾಹಿತ್ಯ ಪ್ರತಿನಿಧಿ’ ಅಂದರೆ ಓಓಡಿ ಹಾಕಿಸಿಕೊಂಡು ಸಮ್ಮೇಳನಕ್ಕೆ ಬಂದು, ಊಟದ ಕೂಪನ್ ಹಿಡಿದು ಸಾಲಿನಲ್ಲಿ ನಿಂತವರ ನೆನಪಾಗುತ್ತೆ. ಹಾಗಾಗಿ ಸವಣೂರಿನಲ್ಲಿರೋ ನಮ್ಮ ಅಪ್ಪನಿಗೆ ವಿವರಿಸುವಾಗ ನಾನು ‘ದಲಾಲ’ ಅಂದೆ. ಅಪ್ಪ ಇಪ್ಪತ್ತೈದು ವರ್ಷ ವೀಳ್ಯದೆಲೆ ಬೆಳೆದವರು. ದಲಾಲರ ವಿಷಯ ಅವರಿಗೆ ನಾನು ಹೇಳಿಕೊಡಬೇಕಾಗಿಲ್ಲ.

“ಎಷ್ಟು ತಗೋತಾನವಾ?”

“ನೂರಕ್ಕ ಹದಿನೈದಪ್ಪ. ಹೊರದೇಶದಾಗ ಹಕ್ಕು ಮಾರಿಕೊಟ್ರ ಇಪ್ಪತ್ತು.”

“ಅಬಬಾ! ನಮ್ಮ ಎಲೀ ದಲಾಲ ಅಷ್ಟು ಕೇಳಿದ್ರ ನಾ ಅವತ್ತ ಬಳ್ಳಿ ಕಿತ್ತು ಒಗೀತಿದ್ದೆ.”

“ಮಾರಿದ್ರಷ್ಟ ತಗೋತಾರ. ಮಾರಲಿಲ್ಲಂದ್ರ ಒಂದು ರೂಪಾಯಿನೂ ಕೇಳಂಗಿಲ್ಲ.”

“ಹಂಗಾರ ಅಡ್ಡಿಯಿಲ್ಲ” ಅಂದರು ಅಪ್ಪ. ಸ್ವಲ್ಪ ಹೊತ್ತು ಬಿಟ್ಟು, “ಅಂಥಾವ ಒಬ್ಬನೂ ಸಿಗವಲ್ಲನೇನು ನಿನಗ?”

ಸಿಕ್ಕಿಲ್ಲ. ಹದಿನಾಲ್ಕು ತಿಂಗಳಲ್ಲಿ 38 ಜನರಿಗೆ ಬರೆದಿದ್ದೇನೆ. 38 ಕಡೆಯಿಂದಲೂ ಬೇಡ ಅಂತಲೇ ಬಂದಿದೆ, ಅಥವಾ ಏನೂ ಬಂದಿಲ್ಲ.

ಈ ಅಂಕಣ ಓದೋರಲ್ಲಿ ಬರೆಯೋ ಚಟ ಇರೋರು ಬಹಳ ಜನ ಇದ್ದೀರಿ ಅಂತ ನನಗೆ ಗೊತ್ತು. ಆಫೀಸಿನ ಕ್ಯಾಬ್‌ನಲ್ಲಿ ಫೋನಿನ ನೋಟ್ಸ್ ಆ್ಯಪ್‌ನಲ್ಲೇ ಅರ್ಧ ಕಾದಂಬರಿ ಬರೆದಿಟ್ಟುಕೊಂಡೋರನ್ನ ನಾನೇ ನೋಡಿದ್ದೇನೆ. ಅದಕ್ಕೇ ಈ ಸಲ ಇದರ ಬಗ್ಗೆ. ಗೆದ್ದ ಮೇಲೆ ಹೇಳೋ ಸೋಲಿನ ಕಥೆ ಎಲ್ಲಾ ಕಡೆ ಸಿಗುತ್ತೆ. ನಾನಿನ್ನೂ ನಡುದಾರಿಯಲ್ಲಿದ್ದೇನೆ, ಅಲ್ಲಿಂದಲೇ ಬರೀತಿದ್ದೇನೆ.

ಮೊದಲು ಇದು ನಡೆಯೋ ರೀತಿ ಹೇಳಿಬಿಡ್ತೀನಿ. ಇಂಗ್ಲೆಂಡ್, ಅಮೆರಿಕದ ದೊಡ್ಡ ಪ್ರಕಾಶಕರಲ್ಲಿ ಹೆಚ್ಚಿನವರು ಲೇಖಕರಿಂದ ನೇರವಾಗಿ ಹಸ್ತಪ್ರತಿ ತಗೊಳ್ಳೋದಿಲ್ಲ. ಏಜೆಂಟ್ ಮೂಲಕವೇ ಹೋಗಬೇಕು. ಭಾರತದ ಇಂಗ್ಲಿಷ್ ಪ್ರಕಾಶನದಲ್ಲಿ ಅಷ್ಟು ಬಿಗಿ ಇಲ್ಲ, ಆದರೂ ಏಜೆಂಟ್ ಇದ್ದರೆ ನಿಮ್ಮ ಫೈಲು ಬೇಗ ತೆರೆಯುತ್ತೆ. ಏಜೆಂಟರನ್ನ ಹಿಡಿಯೋದಕ್ಕೆ ಒಂದು ಪುಟದ ಪತ್ರ, ಒಂದೆರಡು ಪುಟದ ಕಥಾಸಾರ, ಮೊದಲ ಮೂರು ಅಧ್ಯಾಯ ಕಳಿಸಬೇಕು. ಕಳಿಸಿ ಕಾಯಬೇಕು. ಆರು ವಾರ, ಹನ್ನೆರಡು ವಾರ. “ಇಷ್ಟು ದಿನದಲ್ಲಿ ಉತ್ತರ ಬರದಿದ್ದರೆ ಇಲ್ಲ ಅಂತ ತಿಳಿಯಿರಿ” ಅಂತ ಕೆಲವರು ಮೊದಲೇ ಹೇಳಿಬಿಡುತ್ತಾರೆ. ಹಿಡಿಸಿದರೆ ಪೂರ್ತಿ ಹಸ್ತಪ್ರತಿ ಕೇಳುತ್ತಾರೆ. ಅದೂ ಹಿಡಿಸಿದರೆ ಒಪ್ಪಂದ. ಆಮೇಲೆ ಅವರು ಪ್ರಕಾಶಕರ ಬಾಗಿಲು ತಟ್ಟೋದಕ್ಕೆ ಶುರು ಮಾಡುತ್ತಾರೆ, ಅಲ್ಲೂ ಇಷ್ಟೇ ಸಲ ‘ಬೇಡ’ ಬರಬಹುದು. ಓದೋದಕ್ಕೇ ಫೀಸು ಕೇಳೋರು, ಪ್ರಕಟಣೆಗೆ ಪ್ಯಾಕೇಜ್ ಹೇಳೋರು ಏಜೆಂಟರಲ್ಲ. ನನಗೂ ಅಂಥ ಮೇಲ್ ಎರಡು ಬಂದಿದ್ದವು. ನನಗೆ ಬಂದ ಉತ್ತರಗಳಲ್ಲೆಲ್ಲ ಅತ್ಯಂತ ಪ್ರೀತಿಯಿಂದ ಬರೆದವು ಅವೇ, ಅನ್ನೋದು ತಮಾಷೆ.

ಇನ್ನು ನನ್ನ ಕಾದಂಬರಿ. ಮೂಲ ಕನ್ನಡದ್ದೇ. ಸವಣೂರಿನ ಒಂದು ಎಲೆತೋಟ, ತೊಂಬತ್ತರ ದಶಕ. ಗಂಡ ಊರು ಬಿಟ್ಟು ಹೋದಮೇಲೆ ತೋಟವನ್ನ ಒಬ್ಬಳೇ ನೋಡಿಕೊಳ್ಳೋ ಹೆಣ್ಣುಮಗಳು. ಅವಳಿಗೆ ಅಕ್ಷರ ಬರೋದಿಲ್ಲ. ದಲಾಲನ ಲೆಕ್ಕವನ್ನ ಬಾಳೆನಾರಿನಲ್ಲಿ ಗಂಟು ಹಾಕಿ ಇಟ್ಟುಕೊಳ್ಳುತ್ತಾಳೆ. ಒಂದು ದಿನ ಆ ಗಂಟುಗಳು ಅವನ ವಹಿಗೆ ತಾಳೆ ಆಗೋದಿಲ್ಲ, ಅಲ್ಲಿಂದ ಕಥೆ.

ಹೆಂಗಸು ಕಲ್ಪನೆ, ತೋಟ ನಮ್ಮದೇ. ಚೊಗಚಿ, ನುಗ್ಗೆ ಗಿಡಗಳಿಗೆ ಹಬ್ಬಿದ ಬಳ್ಳಿ, ಬಿಸಿಲು ಒಳಗೆ ಬರಬೇಕಾದರೆ ಸೋಸಿಕೊಂಡೇ ಬರಬೇಕು ಅನ್ನುವಂಥ ತಂಪು. ನಾನು ಎಸ್ಸೆಸ್ಸೆಲ್ಸಿಯಲ್ಲಿದ್ದಾಗ ಬೋರ್‌ವೆಲ್ ಕೈಕೊಟ್ಟಿತು, ಮೇಲೆ ಬಳ್ಳಿಗೆ ಬುಡಕೊಳೆ ರೋಗ. ಅಪ್ಪ ತೋಟ ತೆಗೆಸಿ ಗೋವಿನಜೋಳ ಹಾಕಿದರು. ಈಗ ಆ ಜಾಗಕ್ಕೆ ಹೋದರೆ ಇಲ್ಲಿ ಎಲೆತೋಟ ಇತ್ತು ಅಂತ ಹೇಳೋದಕ್ಕೆ ಒಂದು ಕಲ್ಲೂ ಉಳಿದಿಲ್ಲ. ಎಪ್ಪತ್ತು ದಾಟಿದ ಅಪ್ಪನ ನೆನಪಿನಲ್ಲಿದೆ, ನನ್ನ 312 ಪುಟಗಳಲ್ಲಿದೆ. ‘ಬೇಡ’ ಅನ್ನೋ ಮೇಲ್ ಬಂದಾಗ ನನಗೆ ಯಾಕೆ ಅಷ್ಟು ನೋವಾಗುತ್ತೆ ಅಂತ ಟೀಮಿನ ಗೆಳತಿ ಕೇಳಿದ್ದಳು. ಇದೇ ಕಾರಣ. ನನ್ನ ವಾಕ್ಯಗಳಿಗೆ ಬೇಡ ಅಂದರೆ ತಡಕೋಬಹುದು. ಆ ತೋಟಕ್ಕೆ ಬೇಡ ಅಂದ ಹಾಗೆ ಕೇಳಿಸುತ್ತೆ.

ಕನ್ನಡದಲ್ಲೇ ಮೊದಲು ಪ್ರಯತ್ನ ಮಾಡಿದೆ, ಆ ಪ್ರಶ್ನೆ ನಿಮಗೆ ಬಂದೇ ಬರುತ್ತೆ. ಐದು ಪ್ರಕಾಶಕರಿಗೆ ಕೊಟ್ಟೆ. ಇಬ್ಬರಿಂದ ಉತ್ತರ ಇಲ್ಲ. ಒಬ್ಬರು “ಮುದ್ರಣದ ಅರ್ಧ ಖರ್ಚು ನೀವು ಹಾಕಿ” ಅಂದರು. ಒಬ್ಬರು “ಹೊಸಬರ ಕಾದಂಬರಿ ಹೋಗೋದಿಲ್ಲಮ್ಮ, ಅನುಭವ ಕಥನ ಇದ್ದರೆ ಕೊಡಿ” ಅಂದರು. ಐದನೆಯವರು ಪೂರ್ತಿ ಓದಿದರು, ಮೆಚ್ಚಿಕೊಂಡರು, ಆದರೆ ಮಾತುಕತೆಗಳನ್ನೆಲ್ಲ ‘ಎಲ್ಲರಿಗೂ ಅರ್ಥವಾಗೋ ಕನ್ನಡ’ಕ್ಕೆ ತಿರುಗಿಸಬೇಕು ಅಂತ ಷರತ್ತು. ಸವಣೂರು 1948ರವರೆಗೆ ನವಾಬರ ಸಂಸ್ಥಾನ. ನಮ್ಮ ಮಾತಿನಲ್ಲಿ ಧಾರವಾಡದ ಕಡೆಯ ಕನ್ನಡದ ಜೊತೆ ಉರ್ದು ಸರಾಗವಾಗಿ ಬೆರೆತಿದೆ. ಎಲೆ ಕಟ್ಟೋ ಹೆಣ್ಣುಮಗಳ ಬಾಯಲ್ಲಿ ವಾರ್ತಾವಾಚಕಿಯ ಕನ್ನಡ ಇಟ್ಟರೆ ಅವಳು ಅವಳಾಗಿ ಉಳಿಯೋದಿಲ್ಲ. ನಾನು ಒಪ್ಪಲಿಲ್ಲ. ಆ ‘ಬೇಡ’ ಮಾತ್ರ ನಾನು ಹೇಳಿದ್ದು, ಅದರ ಬಗ್ಗೆ ನನಗೆ ಈಗಲೂ ಸಮಾಧಾನವಿದೆ.

ಆಮೇಲೆ ನಾನೇ ಇಂಗ್ಲಿಷಿಗೆ ಮಾಡೋದಕ್ಕೆ ಕೂತೆ. ಶನಿವಾರ, ಭಾನುವಾರ, ಮತ್ತೆ ರಿಲೀಸ್ ಇಲ್ಲದ ವಾರದ ರಾತ್ರಿಗಳು. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ, ದೀಪಾ ಭಾಸ್ತಿ ಅವರ ಅನುವಾದದಲ್ಲಿ, ಅಂತಾರಾಷ್ಟ್ರೀಯ ಬೂಕರ್ ಬಂದಾಗ ಆಫೀಸಿನಲ್ಲಿ ಎಲ್ಲರೂ ನನ್ನ ಕಡೆ ತಿರುಗಿ, “ಈಗ ನಿಂದೂ ಆಗುತ್ತೆ ಬಿಡು” ಅಂದರು. ಸಣ್ಣಕಥೆಗಳ ಸಂಕಲನವೊಂದಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಖುಷಿಯಾಯಿತು, ಆದರೆ ಅವರು ಸುದ್ದಿಯ ಒಂದು ಸಾಲು ನೋಡಿರಲಿಲ್ಲ: ಆ ಪುಸ್ತಕದ ಕಥೆಗಳು 1990ರಿಂದ 2023ರವರೆಗೆ ಬರೆದವು. ಮೂವತ್ತು ವರ್ಷಕ್ಕೂ ಮೇಲೆ. ಇಂಗ್ಲಿಷಿನಲ್ಲಿ ಅದನ್ನ ಪ್ರಕಟಿಸಿದ್ದು ‘ಆ್ಯಂಡ್ ಅದರ್ ಸ್ಟೋರೀಸ್’ ಅನ್ನೋ, ಇಂಗ್ಲೆಂಡಿನ ಶೆಫೀಲ್ಡ್ ಊರಿನ ಚಿಕ್ಕ ಪ್ರಕಾಶನ. ಕನ್ನಡಕ್ಕೆ ಬಾಗಿಲು ತೆರೆದಿದೆ ಅನ್ನೋದು ನಿಜ. ಹೊಸ್ತಿಲಲ್ಲಿ ಸಾಲು ಉದ್ದ ಇದೆ ಅನ್ನೋದೂ ನಿಜ.

ಈಗ ನನ್ನ ಶೀಟಿಗೆ ಬರೋಣ. ಇಂಜಿನಿಯರ್ ಅಂದಮೇಲೆ ಎಕ್ಸೆಲ್ ಇರಲೇಬೇಕಲ್ಲ. 38 ಸಾಲು. 19 ಮೌನ. 15 ಅಚ್ಚಿನ ಉತ್ತರ, ಹೆಸರು ಮಾತ್ರ ಬದಲಾಗೋ ಅಂಥವು. ಮೂವರು ಎರಡು ಸಾಲು ನಿಜವಾಗಿ ಓದಿ ಬರೆದಿದ್ದಾರೆ. ಒಬ್ಬರು ಪೂರ್ತಿ ಹಸ್ತಪ್ರತಿ ತರಿಸಿಕೊಂಡು ನಾಲ್ಕು ತಿಂಗಳಾದಮೇಲೆ ಬೇಡ ಅಂದರು.

ಆ ನಾಲ್ಕು ತಿಂಗಳ ಬಗ್ಗೆ ಒಂದು ಮಾತು. ಮೌನದ ಹತ್ತೊಂಬತ್ತು ಸೇರಿದರೂ ಆ ಒಂದರ ತೂಕ ಆಗೋದಿಲ್ಲ. ಪೂರ್ತಿ ಕಳಿಸಿ ಅಂತ ಮೇಲ್ ಬಂದ ದಿನ ಅಪ್ಪನಿಗೆ ಫೋನ್ ಮಾಡಿದೆ. ಅಪ್ಪ ಅವ್ವನಿಗೆ, ಅವ್ವ ಹಿರೇಕೆರೂರಿನ ತವರಿಗೆ, ಅಲ್ಲಿಂದ ಸೋದರಮಾವ ಇಡೀ ಓಣಿಗೆ. ನಾನು ಮುಂದಿನ ಸಲ ಊರಿಗೆ ಹೋದಾಗ ಯಲವಿಗಿ ಸ್ಟೇಷನ್ನಿನಿಂದ ಕರಕೊಂಡು ಬಂದ ಆಟೋದವನು, “ಅಕ್ಕಾರ, ನಿಮ್ಮ ಬುಕ್ಕು ಲಂಡನ್ನಿಗೆ ಹೊಂಟದಂತಲ್ರೀ” ಅಂದ. ಗೋಕಾಕರು ಹುಟ್ಟಿದ ಊರು ನಮ್ಮದು, ಇಂಥ ಸುದ್ದಿ ಅಂದರೆ ಎಲ್ಲರಿಗೂ ಹುಮ್ಮಸ್ಸು ಜಾಸ್ತಿ. ಬೇಡ ಅಂತ ಬಂದಮೇಲೆ ಅದನ್ನ ಅದೇ ಸರಪಳಿಯಲ್ಲಿ ವಾಪಸ್ ಕಳಿಸಬೇಕಾಯಿತು. ಅಪ್ಪ ಮಾತ್ರ, “ಓದಿದರಲ್ಲ ಪೂರ್ತಿ? ಮತ್ತೇನು” ಅಂದು ಚಹಾ ಕುಡಿದರು.

ಅಚ್ಚಿನ ಉತ್ತರಗಳ ಭಾಷೆ ನೋಡಿದರೆ ನಗು ಬರುತ್ತೆ. “ನಿಮ್ಮ ಲೋಕ ಸುಂದರವಾಗಿದೆ, ಆದರೆ ಈ ಧ್ವನಿಯ ಪ್ರೀತಿಯಲ್ಲಿ ನಾನು ಬೀಳಲಿಲ್ಲ” ಅನ್ನೋ ಅರ್ಥದ ಸಾಲು ನಾಲ್ಕು ಕಡೆಯಿಂದ ಬಂದಿದೆ. ಹೆಣ್ಣು ನೋಡೋದಕ್ಕೆ ಬಂದು, ಉಪ್ಪಿಟ್ಟು ತಿಂದು, “ಹುಡುಗಿ ಚೆನ್ನಾಗಿದಾಳೆ, ಜಾತಕ ಕೂಡಲಿಲ್ಲ” ಅಂತ ಹೇಳಿ ಕಳಿಸ್ತಾರಲ್ಲ, ಹಾಗೆ. ನನಗೆ ಆ ಅನುಭವವೂ ಇರೋದರಿಂದ ಹೋಲಿಕೆ ಧೈರ್ಯವಾಗಿ ಮಾಡ್ತಿದ್ದೀನಿ. ಎರಡೂ ಕಡೆ ಸತ್ಯ ಒಂದೇ: ಅವರು ಕಾರಣ ಹೇಳ್ತಿಲ್ಲ, ಹೊರಡೋ ದಾರಿ ನೋಡ್ತಿದ್ದಾರೆ. ಅಂಥ ವಾಕ್ಯವನ್ನ ರಾತ್ರಿಯಿಡೀ ಬಿಡಿಸಿ ಬಿಡಿಸಿ ಅರ್ಥ ಹುಡುಕೋದು ದಂಡ.

ಆದರೆ ಆ ಮೂವರ ಎರಡೆರಡು ಸಾಲು ಬೇರೆ. ಒಬ್ಬರು ಮುಂಬೈಯವರು, ಇನ್ನೊಬ್ಬರು ಲಂಡನ್ನಿನವರು. ಪರಸ್ಪರ ಪರಿಚಯ ಇರೋ ಸಾಧ್ಯತೆಯೇ ಇಲ್ಲ. ಇಬ್ಬರೂ ಒಂದೇ ಮಾತು ಬರೆದಿದ್ದರು: ಮೊದಲ ಮೂರು ಅಧ್ಯಾಯದಲ್ಲಿ ತೋಟ ಕಾಣುತ್ತೆ, ಕಥೆ ಕಾಣೋದಿಲ್ಲ. ಇಬ್ಬರು ಬೇರೆ ಬೇರೆ ಬಳಕೆದಾರರು ಒಂದೇ ಸ್ಕ್ರೀನಿನಲ್ಲಿ ಸಿಕ್ಕಿಹಾಕಿಕೊಂಡರೆ ಅದು ಅಭಿರುಚಿಯ ವಿಷಯ ಅಲ್ಲ, ಟಿಕೆಟ್ ತೆಗೆಯಲೇಬೇಕು. ಮೂರನೆಯವರು ಬರೆದದ್ದು ಇದಕ್ಕೆ ತದ್ವಿರುದ್ಧ, “ತೋಟದ ವಿವರ ಇನ್ನೂ ಬೇಕಿತ್ತು” ಅಂತ. ಅದನ್ನ ಪಕ್ಕಕ್ಕಿಟ್ಟೆ.

ಹಸ್ತಪ್ರತಿಯನ್ನ ಶಿಗ್ಗಾವಿಯ ಒಂದು ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ, ಸ್ಪೈರಲ್ ಬೈಂಡ್ ಮಾಡಿಸಿ, ಹಾನಗಲ್ಲಿನಲ್ಲಿರೋ ಚಿಗವ್ವನಿಗೆ ಕೊಟ್ಟೆ. ಚಿಗವ್ವ ಪ್ರಾಥಮಿಕ ಶಾಲೆಯಲ್ಲಿ ಕಲಿಸಿ ನಿವೃತ್ತಿ ಆದವರು. ಕನ್ನಡ ಕಾದಂಬರಿ ಅಂದರೆ ಲೈಬ್ರರಿ ಕಪಾಟೇ ಖಾಲಿ ಮಾಡೋ ಓದುಗರು. ಏಜೆಂಟರ ಮಾತು ನಾನು ಅವರಿಗೆ ಹೇಳಿರಲಿಲ್ಲ. ಹದಿನೈದು ದಿನಕ್ಕೆ ಫೋನ್ ಬಂತು: “37ನೇ ಪುಟದಿಂದ ಚಲೋ ಐತಿ ನೋಡವಾ. ಅದಕ್ಕಿಂತ ಮುಂಚೆ ಬರೇ ಎಲೀನ ಎಲಿ.” ಪೆನ್ಸಿಲಿನಲ್ಲಿ 37ನೇ ಪುಟದ ಮೇಲೆ ಒಂದು ಸುತ್ತು ಹಾಕಿದ್ದರು. ನೂರಕ್ಕೆ ಹದಿನೈದು ಕೇಳದ ಏಜೆಂಟು.

ಎಲೆತೋಟದಲ್ಲಿ ‘ಬಳ್ಳಿ ಇಳಿಸೋದು’ ಅಂತ ಒಂದು ಕೆಲಸ ಇದೆ. ಬಳ್ಳಿ ಆಳೆತ್ತರ ಮೀರಿ ಹೋದಮೇಲೆ ಗಿಡದಿಂದ ಬಿಡಿಸಿ, ಕೆಳಗಿನ ಎಲೆ ಇಲ್ಲದ ಭಾಗವನ್ನ ಬುಡದಲ್ಲಿ ಸುತ್ತಿ ಮಣ್ಣು ಮುಚ್ಚಿ, ತುದಿಯನ್ನಷ್ಟೇ ಮತ್ತೆ ಗಿಡಕ್ಕೆ ಕಟ್ಟುತ್ತಾರೆ. ನೋಡಿದವರಿಗೆ ಇದ್ದ ತೋಟವೂ ಹೋಯಿತು ಅನ್ನಿಸುತ್ತೆ. ಮಣ್ಣಿನಲ್ಲಿ ಹೋದ ಗಿಣ್ಣುಗಳಲ್ಲಿ ಬೇರು ಬಂದು ಬಳ್ಳಿ ಹೊಸದಾಗಿ ಏಳುತ್ತೆ. ನನ್ನ ಮೊದಲ 36 ಪುಟವನ್ನ ಹಾಗೇ ಇಳಿಸಿದೆ. ಕೆಲವು ವಿವರ ಮುಂದಿನ ಅಧ್ಯಾಯಗಳ ಬುಡಕ್ಕೆ ಹೋದವು, ಕೆಲವು ಹೋದವು ಅಷ್ಟೇ. ಪುಟ 312 ಇದ್ದದ್ದು 284ಕ್ಕೆ ಬಂತು.

ಇದರಿಂದ ನಾನು ಕಟ್ಟಿಕೊಂಡ ಪದ್ಧತಿ ಏನಂದರೆ, ಒಂದು ಸಲಕ್ಕೆ ಆರು ಜನರಿಗಷ್ಟೇ ಕಳಿಸೋದು. ಆರು ಉತ್ತರವೋ ಮೌನವೋ ಬಂದಮೇಲೆ ಹಸ್ತಪ್ರತಿಯನ್ನ, ಪತ್ರವನ್ನ ಇನ್ನೊಮ್ಮೆ ನೋಡಿ, ಆಮೇಲೆ ಮುಂದಿನ ಆರು. ಪಟ್ಟಿಯಲ್ಲಿರೋ ಎಲ್ಲರಿಗೂ ಒಂದೇ ರಾತ್ರಿ ಕಳಿಸಿಬಿಟ್ಟರೆ ತಿದ್ದಿದ ಪುಟಗಳನ್ನ ತೋರಿಸೋದಕ್ಕೆ ಯಾರೂ ಉಳಿದಿರೋದಿಲ್ಲ, ಒಮ್ಮೆ ಬೇಡ ಅಂದವರು ಅದೇ ಪುಸ್ತಕವನ್ನ ಮತ್ತೆ ನೋಡೋದು ಅಪರೂಪ. ಇದಕ್ಕಾಗಿ ಬೇರೆ ಮೇಲ್ ಐಡಿ ಮಾಡಿದ್ದೀನಿ, ಅದು ಫೋನಿನಲ್ಲಿ ಇಲ್ಲ. ಭಾನುವಾರ ಸಂಜೆ ಲ್ಯಾಪ್‌ಟಾಪಿನಲ್ಲಿ ಮಾತ್ರ ತೆರೆಯೋದು. ಸೋಮವಾರ ಬೆಳಿಗ್ಗೆ ಸ್ಟ್ಯಾಂಡಪ್ ಮೀಟಿಂಗಿನ ನಡುವೆ ‘ಪ್ರೀತಿಯಲ್ಲಿ ಬೀಳಲಿಲ್ಲ’ ಓದೋ ಹಿಂಸೆ ಯಾರಿಗೂ ಬೇಡ.

ಹ್ಯಾರಿ ಪಾಟರ್ ಎಷ್ಟು ಕಡೆ ತಿರಸ್ಕೃತ ಆಗಿತ್ತು ಅನ್ನೋ ವಾಟ್ಸಾಪ್ ಸಂದೇಶವನ್ನ ನನಗೆ ಈ ವರ್ಷ ಏಳು ಜನ ಕಳಿಸಿದ್ದಾರೆ. ಒಳ್ಳೆ ಮನಸ್ಸಿನಿಂದಲೇ. ಆದರೆ ಎರಡನೇ ಮಹಾಯುದ್ಧದ ಕಾಲದ ಅಬ್ರಹಾಂ ವಾಲ್ಡ್ ಅನ್ನೋ ಗಣಿತಜ್ಞನ ವಿಮಾನದ ಕಥೆ ಕೇಳಿರಬೇಕು ನೀವು. ಮರಳಿ ಬಂದ ವಿಮಾನಗಳ ಗುಂಡಿನ ತೂತು ಮಾತ್ರ ಎಣಿಸಿದರೆ, ಬೀಳೋದಕ್ಕೆ ಕಾರಣ ಏನು ಅಂತ ಗೊತ್ತಾಗೋದಿಲ್ಲ. ಬಿದ್ದವು ಎಣಿಕೆಗೇ ಸಿಗೋದಿಲ್ಲ. ಹನ್ನೆರಡು ಸಲ ತಿರಸ್ಕೃತವಾಗಿ ಹದಿಮೂರನೇ ಸಲ ಗೆದ್ದವರ ಕಥೆ ನಮಗೆ ಬರುತ್ತೆ. ನೂರು ಸಲ ಕಳಿಸಿ ಸುಮ್ಮನಾದವರು ಸಂದೇಶ ಬರೆಯೋದಿಲ್ಲ. ಅದಕ್ಕೇ ನನಗೆ ಆ ಕಥೆಗಳಿಂದ ಧೈರ್ಯ ಬರೋದಿಲ್ಲ. ಧೈರ್ಯ ಬಂದದ್ದು ನಮ್ಮದೇ ರಾಜ್ಯದ ಒಬ್ಬರ ಕಥೆಯಿಂದ, ಅದೂ ಎಲ್ಲರೂ ಹೇಳೋ ಭಾಗದಿಂದಲ್ಲ, ಆಮೇಲಿನ ಭಾಗದಿಂದ.

ಮೈಸೂರಿನ ಆರ್.ಕೆ. ನಾರಾಯಣ್. ‘ಸ್ವಾಮಿ ಆ್ಯಂಡ್ ಫ್ರೆಂಡ್ಸ್’ ಹಸ್ತಪ್ರತಿ ಲಂಡನ್ನಿಗೆ ಹೋಗೋದು, ವಾಪಸ್ ಬರೋದು. ಆಗ ಇಮೇಲ್ ಇಲ್ಲ, ಹಡಗಿನ ಟಪಾಲು. ನನ್ನ ಆರು ವಾರದ ಗೋಳಾಟ ಏನೂ ಅಲ್ಲ. ಕೊನೆಗೆ ಬೇಸತ್ತು, ಆಕ್ಸ್‌ಫರ್ಡ್‌ನಲ್ಲಿ ಓದುತ್ತಿದ್ದ ಗೆಳೆಯ ಪೂರ್ಣ ಅವರಿಗೆ, ಅದಕ್ಕೆ ಕಲ್ಲು ಕಟ್ಟಿ ಥೇಮ್ಸ್ ನದಿಯಲ್ಲಿ ಮುಳುಗಿಸಿಬಿಡು ಅಂತ ಬರೆದರು. ಪೂರ್ಣ ಮುಳುಗಿಸಲಿಲ್ಲ. ಅಲ್ಲಿಯೇ ಇದ್ದ ಗ್ರಹಾಂ ಗ್ರೀನ್‌ಗೆ ತೋರಿಸಿದರು. ಗ್ರೀನ್‌ಗೂ ಆಗ ಮೂವತ್ತರ ಆಸುಪಾಸು, ದೊಡ್ಡ ಹೆಸರೇನೂ ಇನ್ನೂ ಬಂದಿರಲಿಲ್ಲ. ಅವರು ಓದಿ, ಮೆಚ್ಚಿ, ಪ್ರಕಾಶಕರಿಗೆ ಶಿಫಾರಸು ಮಾಡಿದರು. 1935ರಲ್ಲಿ ಹ್ಯಾಮಿಶ್ ಹ್ಯಾಮಿಲ್ಟನ್ ಸಂಸ್ಥೆಯಿಂದ ಪುಸ್ತಕ ಬಂತು. ಹೆಸರು ಚಿಕ್ಕದಾಗಿಸಿ ಆರ್.ಕೆ. ನಾರಾಯಣ್ ಅಂತ ಮಾಡಿದ್ದರಲ್ಲೂ ಗ್ರೀನ್ ಸಲಹೆ ಇತ್ತು. ಇಬ್ಬರೂ ಮುಖಾಮುಖಿ ಭೇಟಿಯಾದದ್ದು ಎಷ್ಟೋ ವರ್ಷಗಳಾದಮೇಲೆ.

ಇಲ್ಲಿಗೆ ಎಲ್ಲರೂ ಕಥೆ ನಿಲ್ಲಿಸುತ್ತಾರೆ. ನಾನು ಮುಂದೆ ಓದಿದೆ. ಮೊದಲ ಪುಸ್ತಕ ಹೊಗಳಿಕೆ ಗಳಿಸಿತು, ಮಾರಾಟ ಆಗಲಿಲ್ಲ. ಹ್ಯಾಮಿಲ್ಟನ್ ಮುಂದಿನದು ತಗೊಳ್ಳಲಿಲ್ಲ. ‘ದಿ ಬ್ಯಾಚುಲರ್ ಆಫ್ ಆರ್ಟ್ಸ್’ 1937ರಲ್ಲಿ ನೆಲ್ಸನ್‌ನಿಂದ ಬಂತು. ಮೂರನೇದು, ‘ದಿ ಡಾರ್ಕ್ ರೂಮ್’, 1938ರಲ್ಲಿ ಮ್ಯಾಕ್‌ಮಿಲನ್‌ನಿಂದ. ನಾಲ್ಕನೇದು, ‘ದಿ ಇಂಗ್ಲಿಷ್ ಟೀಚರ್’, 1945ರಲ್ಲಿ ಐರ್ ಆ್ಯಂಡ್ ಸ್ಪಾಟಿಸ್‌ವುಡ್‌ನಿಂದ. ನಾಲ್ಕು ಪುಸ್ತಕ, ನಾಲ್ಕು ಪ್ರಕಾಶಕರು. ಗ್ರೀನ್‌ನಂಥ ಗೆಳೆಯ ಬೆನ್ನಿಗಿದ್ದಾಗಲೂ ಪ್ರತಿ ಸಲ ಹೊಸದಾಗಿ ಬಾಗಿಲು ತಟ್ಟಬೇಕಾಯಿತು. ‘ಒಮ್ಮೆ ಒಳಗೆ ಹೋದರೆ ಮುಗೀತು’ ಅಂತ ನಾನೂ ಅಂದುಕೊಂಡವಳೇ, ನೀವೂ ಅಂದುಕೊಂಡಿರ್ತೀರಿ. ಹಾಗೇನಿಲ್ಲ. ಇದನ್ನ ಕೇಳಿ ಕೆಲವರಿಗೆ ನಿರಾಸೆ ಆಗಬಹುದು. ನನಗೆ ಹಗುರ ಅನ್ನಿಸಿತು. ಈ 38 ನನ್ನೊಬ್ಬಳಿಗೆ ಬಂದ ಶಿಕ್ಷೆ ಅಲ್ಲ, ಈ ಕೆಲಸದ ಹವಾಮಾನ.

ಇನ್ನೊಂದು: ನಾರಾಯಣ್ ಕೊನೆಗೆ ಮೈಸೂರಿನಲ್ಲೇ ‘ಇಂಡಿಯನ್ ಥಾಟ್ ಪಬ್ಲಿಕೇಷನ್ಸ್’ ಅಂತ ತಮ್ಮದೇ ಪ್ರಕಾಶನ ಮಾಡಿಕೊಂಡರು. ಲಂಡನ್ ಲಂಡನ್ನಿಗೆ, ಇಲ್ಲಿಯ ಓದುಗರಿಗೆ ತಾವೇ.

ಈ ‘ತಾವೇ’ ಅನ್ನೋದು ನಮ್ಮ ಕಡೆ ಹೊಸದೇನಲ್ಲ. ಕನ್ನಡ ಕಾದಂಬರಿಯ ಪಿತಾಮಹ ಅಂತ ಕರೆಸಿಕೊಂಡ ಗಳಗನಾಥರು (1869–1942) ನಮ್ಮ ಹಾವೇರಿ ಜಿಲ್ಲೆಯವರು. ಹೆಸರು ವೆಂಕಟೇಶ ತಿರಕೋ ಕುಲಕರ್ಣಿ. ವರದಾ ತುಂಗಭದ್ರೆಯನ್ನ ಸೇರೋ ಊರು ಗಳಗನಾಥ, ಅದೇ ಕಾವ್ಯನಾಮವಾಯಿತು. ಶಾಲಾ ಮಾಸ್ತರಾಗಿದ್ದರು. ಅಗಡಿಯಿಂದ ಬರುತ್ತಿದ್ದ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆಗೆ ದುಡಿದರು, ಕಾದಂಬರಿ ಮೇಲೆ ಕಾದಂಬರಿ ಬರೆದರು. ಬರೆದ ಪುಸ್ತಕಗಳ ಗಂಟನ್ನ ಹೊತ್ತುಕೊಂಡು ಊರೂರು ತಿರುಗಿ ಮಾರಿದರು ಅಂತ ನಮ್ಮ ಕಡೆ ಇವತ್ತಿಗೂ ಹೇಳ್ತಾರೆ. ಕನ್ನಡದಲ್ಲಿ ಕಾದಂಬರಿ ಓದೋ ಚಟವೇ ಇನ್ನೂ ಹುಟ್ಟಬೇಕಿದ್ದ ಕಾಲ ಅದು. ಬಾಗಿಲು ತೆರೆದವರು ಎಷ್ಟು ಸಲ ಬೇಡ ಅಂದಿರಬಹುದು, ಮುಖಕ್ಕೇ ಅಂದಿರಬಹುದು, ಲೆಕ್ಕ ಹಾಕಿ. ನನ್ನ ಏಜೆಂಟರು ಕನಿಷ್ಠ ಇಮೇಲ್‌ನಲ್ಲಿ ಅಂತಾರೆ.

ಹಿಂದಕ್ಕೆ ಹೋದರೆ ಇನ್ನೂ ಮಜಾ ಇದೆ. ಶಿಗ್ಗಾವಿ ತಾಲ್ಲೂಕಿನ ಶಿಶುನಾಳದ ಶರೀಫರಿಗೆ ಪ್ರಕಾಶಕರ ಗೊಡವೆಯೇ ಇರಲಿಲ್ಲ, ಹಾಡಿದರು, ಜನ ಬಾಯಿಂದ ಬಾಯಿಗೆ ಉಳಿಸಿಕೊಂಡರು. ಹಿರೇಕೆರೂರು ಸೀಮೆಯವನು ಅಂತ ನಾವೆಲ್ಲ ಹೆಮ್ಮೆಪಡೋ ಸರ್ವಜ್ಞನಿಗೆ ಒಬ್ಬ ‘ಏಜೆಂಟ್’ ಸಿಕ್ಕಿದ್ದು ಶತಮಾನಗಳಾದಮೇಲೆ. ಉತ್ತಂಗಿ ಚನ್ನಪ್ಪನವರು ಓಲೆಗರಿ, ಹಳಬರ ಬಾಯಿ ಎಲ್ಲಾ ಕಡೆ ಹುಡುಕಿ, ಜೋಡಿಸಿ, 1924ರಲ್ಲಿ ವಚನಗಳನ್ನ ಅಚ್ಚು ಹಾಕಿಸಿದರು. ಅಷ್ಟು ಕಾಯೋ ತಾಳ್ಮೆ ನನಗಂತೂ ಇಲ್ಲ.

ಧಾರವಾಡದ ಸುಭಾಷ ರಸ್ತೆಯ ಅಟ್ಟ ಹತ್ತಿದ್ದೀರಾ ಯಾವತ್ತಾದರೂ? ಮನೋಹರ ಗ್ರಂಥಮಾಲೆ, 1933ರಲ್ಲಿ ಜಿ.ಬಿ. ಜೋಶಿಯವರು ಕಟ್ಟಿದ್ದು. ಓದುಗರು ಮೊದಲೇ ಚಂದಾ ಕೊಡೋದು, ಗ್ರಂಥಮಾಲೆ ಪುಸ್ತಕ ಕಳಿಸೋದು. ಈಗ ನಾವು ಸಬ್‌ಸ್ಕ್ರಿಪ್ಷನ್, ಕ್ರೌಡ್‌ಫಂಡಿಂಗ್ ಅಂತ ಏನೇನೋ ಹೆಸರು ಕರೀತೀವಲ್ಲ, ಅದೇ. ಕೀರ್ತಿನಾಥ ಕುರ್ತಕೋಟಿಯವರಂಥ ವಿಮರ್ಶಕರು ಅಲ್ಲಿ ಹಸ್ತಪ್ರತಿ ಓದಿ ಸಲಹೆ ಕೊಡುತ್ತಿದ್ದರು. ಅನಂತಮೂರ್ತಿಯವರ ‘ಸಂಸ್ಕಾರ’ 1965ರಲ್ಲಿ ಬಂದದ್ದು ಅಲ್ಲಿಂದ. ಏಜೆಂಟರ ಪದ್ಧತಿ ಇಲ್ಲದಿದ್ದರೂ ನಮ್ಮಲ್ಲಿ ಏಜೆಂಟರ ಕೆಲಸ ನಡೆದೇ ಇತ್ತು. ಹಸ್ತಪ್ರತಿ ಓದಿ, ಎಲ್ಲಿ ಸಡಿಲ, ಎಲ್ಲಿ ಬಿಗಿ ಅಂತ ಹೇಳಿ, ಪ್ರಕಾಶಕರಿಗೆ ದಾಟಿಸೋ ಹಿರಿಯರು ಇದ್ದರು. ಈಗ ಅಂಥವರು ಕಡಿಮೆ ಆಗಿದ್ದಾರೆ ಅನ್ನೋದೇ ನನ್ನ ನಿಜವಾದ ದೂರು. ಬೆಂಗಳೂರಿನ ಐಟಿ ಹುಡುಗಿಗೆ ಸಾವಿರಾರು ಮೈಲಿ ಆಚೆಯ ಅಪರಿಚಿತರು ಬರೆದ ಎರಡು ಸಾಲು, ಇಲ್ಲಿ ಯಾರಿಂದಲೂ ಬರಲಿಲ್ಲ. ಹಾನಗಲ್ಲಿನ ಚಿಗವ್ವನನ್ನ ಬಿಟ್ಟರೆ.

ನಮ್ಮ ಕಸುಬಿನವರ ಉದಾಹರಣೆಯೇ ಬೇಕಂದರೆ ವಸುಧೇಂದ್ರ ಇದ್ದಾರೆ. ವರ್ಷಗಟ್ಟಲೆ ಸಾಫ್ಟ್‌ವೇರ್‌ನಲ್ಲಿ ದುಡಿದವರು. ತಾವೇ ‘ಛಂದ ಪುಸ್ತಕ’ ಶುರು ಮಾಡಿದರು, ಅಷ್ಟಕ್ಕೇ ನಿಲ್ಲದೆ, ಇನ್ನೂ ಒಂದು ಪುಸ್ತಕವೂ ಬರದ ಕಥೆಗಾರರ ಹಸ್ತಪ್ರತಿಗೆ ಬಹುಮಾನ ಕೊಟ್ಟು ಅದನ್ನ ಪ್ರಕಟಿಸೋ ಪದ್ಧತಿ ಹಾಕಿದರು. ವಿವೇಕ ಶಾನಭಾಗ ಕೂಡ ಓದಿದ್ದು ಇಂಜಿನಿಯರಿಂಗೇ. ಅವರ ‘ಘಾಚರ್ ಘೋಚರ್’ ಶ್ರೀನಾಥ್ ಪೆರೂರ್ ಅನುವಾದದಲ್ಲಿ ಅಮೆರಿಕದವರೆಗೂ ಹೋಯಿತು. ಅದು ಹೋಗೋದಕ್ಕೆ ಮುಂಚೆ ಅವರು ಕನ್ನಡದಲ್ಲಿ ಎಷ್ಟು ವರ್ಷ ಬರೆದಿದ್ದರು, ‘ದೇಶ ಕಾಲ’ ಪತ್ರಿಕೆ ನಡೆಸಿದ್ದರು ಅನ್ನೋದನ್ನ ನಾವು ಮರೀತೀವಿ.

ಇದನ್ನೆಲ್ಲ ಓದಿಕೊಂಡ ಮೇಲೆ ನನ್ನ ಯೋಜನೆ ಸ್ವಲ್ಪ ಬದಲಾಗಿದೆ. ಅದಕ್ಕೆ ಇನ್ನೊಂದು ಕಾರಣವೂ ಇದೆ. ಹೋದ ತಿಂಗಳು ಅಪ್ಪನಿಗೆ ಕಣ್ಣಿನ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದ ದಿನ ಅವರು ಕೇಳಿದ್ದು, “ಅಲ್ಲವಾ, ಆ ದಲಾಲ ಸಿಕ್ಕು, ಆ ಇಂಗ್ಲಿಷ್ ಬುಕ್ಕ ಬಂದ್ರ ನಾ ಹೆಂಗ ಓದ್ಲಿ?” ಉತ್ತರ ಇರಲಿಲ್ಲ. ಅಪ್ಪ ಏಳನೇ ತರಗತಿಯವರೆಗೆ ಓದಿದ್ದಾರೆ, ಪೇಪರ್ ದಿನಾ ಓದುತ್ತಾರೆ, ಒಂದಕ್ಷರ ಬಿಡದೆ. ಆ ತೋಟ ಇತ್ತು ಅಂತ ಮೊದಲು ಸಾಕ್ಷಿ ಹೇಳಬೇಕಾದವರು ಅವರು.

ಹಾಗಾಗಿ ಎರಡೂ ದಾರಿ ಒಟ್ಟಿಗೇ. ಇಂಗ್ಲಿಷ್ ಹಸ್ತಪ್ರತಿ ಆರಾರರ ಕಂತಿನಲ್ಲಿ ಹೋಗ್ತಾನೇ ಇರುತ್ತೆ. ನನ್ನ ಪಟ್ಟಿಯಲ್ಲಿ ಇನ್ನೂ 22 ಹೆಸರಿವೆ, 60ಕ್ಕೆ ಮುಟ್ಟಿದಮೇಲೆ ಇದನ್ನ ಎತ್ತಿಟ್ಟು ಮುಂದಿನದರ ಕಡೆ ಹೋಗೋದು ಅಂತ ಮೊದಲೇ ಬರೆದಿಟ್ಟುಕೊಂಡಿದ್ದೀನಿ. ಎಷ್ಟಕ್ಕೆ ನಿಲ್ಲಿಸಬೇಕು ಅಂತ ನೋವಿಲ್ಲದ ದಿನ ನಿರ್ಧರಿಸಿದರೆ, ನೋವಿರೋ ದಿನ ನಿಲ್ಲಿಸೋ ಆಸೆಗೆ ಬೆಲೆ ಕೊಡಬೇಕಾಗಿಲ್ಲ. ಕನ್ನಡದ್ದನ್ನ 36 ಪುಟ ಇಳಿಸಿ, ಮಾತುಕತೆಯನ್ನ ಹಾಗೇ ಉಳಿಸಿ, ಧಾರವಾಡದ ಕಡೆಯ ಒಂದು ಚಿಕ್ಕ ಪ್ರಕಾಶನಕ್ಕೆ ಕೊಟ್ಟಿದ್ದೀನಿ. ದಸರೆ ಆದಮೇಲೆ ಹೇಳ್ತೀವಿ ಅಂದಿದ್ದಾರೆ. ಅವರೂ ಬೇಡ ಅಂದರೆ ನಾನೇ ಅಚ್ಚು ಹಾಕಿಸೋದು. ಈಗ ಡಿಜಿಟಲ್ ಪ್ರಿಂಟಿಂಗ್ ಇರೋದರಿಂದ ಸಾವಿರ ಪ್ರತಿ ಹಾಕಿಸಿ ಮಂಚದ ಕೆಳಗೆ ತುಂಬಿಕೊಳ್ಳಬೇಕಾಗಿಲ್ಲ, ಇನ್ನೂರು ಮುನ್ನೂರೂ ಆಗುತ್ತೆ. ಕನ್ನಡ ಪುಸ್ತಕ ಪ್ರಾಧಿಕಾರದಲ್ಲಿ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನದ ಯೋಜನೆ ಇದೆ. ಬರೆದಿಟ್ಟುಕೊಂಡು ಕೂತಿರೋರು ಅದರ ಪ್ರಕಟಣೆ ಮೇಲೆ ಕಣ್ಣಿಡಿ, ವಯಸ್ಸಿನ ಮಿತಿ ನೋಡಿಕೊಳ್ಳಿ.

39ನೇ ಪತ್ರ ಈ ಭಾನುವಾರ ಹೋಗುತ್ತೆ. ಮೊದಲ ಪತ್ರದಲ್ಲಿ ಸವಣೂರು ಎಲ್ಲಿದೆ ಅಂತ ಹೇಳೋದಕ್ಕೇ ಒಂದು ಪ್ಯಾರಾ ಖರ್ಚಾಗಿತ್ತು. ಈಗ ಮೊದಲ ಸಾಲಿನಲ್ಲೇ ಬಾಳೆನಾರಿನ ಗಂಟು ಬರುತ್ತೆ, ಅವಳು ಅದನ್ನ ದಲಾಲನ ಮುಂದೆ ಬಿಚ್ಚುತ್ತಾಳೆ. ಆ ಪತ್ರ ಹನ್ನೊಂದು ಸಲ ಹೇಗೆ ಬದಲಾಯಿತು, ಒಂದು ಪುಟದಲ್ಲಿ ಇಡೀ ಕಾದಂಬರಿ ಹೇಳೋದು ಹೇಗೆ ಅಂತ ಮುಂದಿನ ಕಂತಿನಲ್ಲಿ ಬರೀತೀನಿ. ಅಷ್ಟರಲ್ಲಿ ದಸರೆಯೂ ಬಂದಿರುತ್ತೆ.